ನಾಲ್ಕೂವರೆಯ ಜಗಳ

ಬೆಳಗಿನ ಜಾವ ನಾಲ್ಕೂವರೆ ಆಯಿತೆಂದರೆ ಲೋಹಿತಳ ಮನೆಯ ಮುಂದೆ ಒಬ್ಬ ಹೆಂಗಸು ತನ್ನ ಗಂಡನನ್ನು ಬೈಯುತ್ತ ಹೋಗುತ್ತಿದ್ದಳು.

“ಲೇ ಚೌಡಯ್ಯ, ಏಳ್ತೀಯೋ ಇಲ್ವೋ? ಹೊತ್ತು ಹುಟ್ಟೋ ಗಂಟ ಬಿದ್ಕಂಡಿರಾಕೆ ನೀನೇನು ಸಾವುಕಾರ್ನ ಮಗನಾ? ಅವತ್ತು ಕೊಡಿಗೇನಳ್ಳಿ ಸಂತೇಲಿ ಕುಡುಗೋಲು ತಗಂಬಾ ಅಂದ್ರೆ ಬಾಳೆಹಣ್ಣು ತಂದ್ಯಲ್ಲೋ, ಬಾಳೆಹಣ್ಣಲ್ಲಿ ಸೌದೆ ಕಡಿಯಾಕಾಯ್ತದಾ?”

ಹುಣಸೆಮರದ ಹತ್ತಿರ ಶುರುವಾದ ಜಗಳ ಗೇಟಿನ ಮುಂದೆ ಬರುವ ಹೊತ್ತಿಗೆ ಕಾವು ಏರಿ, ಗುಡ್ಡದ ಕಾಲುದಾರಿ ಹಿಡಿದು, ಜೋಡಿಬಂಡೆಯ ತಿರುವಿನಲ್ಲಿ ಕೇಳಿಸದಾಗುತ್ತಿತ್ತು. ಅಷ್ಟರಲ್ಲಿ ಎಂಟು ತಿಂಗಳ ಯಶಸ್ವಿನಿ ತೊಟ್ಟಿಲಲ್ಲಿ ಕಣ್ಣು ಬಿಟ್ಟಿರುತ್ತಿದ್ದಳು. ಎರಡು ಗಂಟೆ ತೂಗಿ, ಬೆನ್ನು ತಟ್ಟಿ, ಕತ್ತಲಲ್ಲಿ ಕಾಲು ಸೋಲುವಂತೆ ಓಡಾಡಿ ಮಲಗಿಸಿದ ಮಗು. ಇನ್ನು ಆ ದಿನಕ್ಕೆ ನಿದ್ದೆ ಮುಗಿದ ಹಾಗೆ.

ಮೊದಮೊದಲು ಲೋಹಿತ ಅದನ್ನು ಫೋನಿನ ಜಗಳ ಎಂದುಕೊಂಡಿದ್ದಳು. ಗಂಡ ದುಬೈನಲ್ಲೋ ಎಲ್ಲೋ ಇರಬೇಕು, ಅಲ್ಲಿಯ ಗಂಟೆ ಬೇರೆ, ಪಾಪ ಈ ಹೊತ್ತಿಗೇ ಸಿಗುತ್ತಾನೇನೋ ಎಂದು ಲೆಕ್ಕ ಹಾಕಿ ಅತ್ತೆಯನ್ನು ಕೇಳಿದ್ದಳು.

ಅತ್ತೆ ಸಿದ್ದಗಂಗಮ್ಮ ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. “ದುಬೈ ಅಲ್ಲ ಕಣೇ, ಅದಕ್ಕಿಂತ ದೂರ ಹೋಗವ್ನೆ. ಚೌಡಯ್ಯ ಸತ್ತು ಎಂಟು ವರ್ಷ ಆಯ್ತು. ಅವನಿರೋ ಗಂಟ ಅವನ ಹೆಸರೆತ್ತಿದವಳಲ್ಲ ಮಾರಕ್ಕ. ಈಗ ನೋಡು, ಲೇ ಅಂತಾಳೆ, ಬಾರೋ ಅಂತಾಳೆ...” ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತು. ಅತ್ತೆ ಅಡುಗೆಮನೆಗೆ ಓಡಿದರು. ಮಾತು ಅಲ್ಲಿಗೇ ನಿಂತಿತು. ಆಮೇಲೆ ಲೋಹಿತಳೂ ಕೇಳಲಿಲ್ಲ. ಸತ್ತ ಗಂಡನ ಜೊತೆ ಮಾತಾಡುವ ಮುದುಕಿ, ಅಷ್ಟೇ ತಾನೇ. ಹೆದರುವುದಕ್ಕೆ ಅವಳಿಗೆ ಬೇರೆ ಬೇಕಾದಷ್ಟಿತ್ತು.

ಓದಿದ್ದು, ಬೆಳೆದದ್ದು ಎಲ್ಲ ಬೆಂಗಳೂರಿನ ವಿಜಯನಗರದಲ್ಲಿ. ಅಲ್ಲಿ ಅವಳು ಕಂಡ ಕಾಡುಪ್ರಾಣಿ ಎಂದರೆ ಹೆಗ್ಗಣ. ಬಾಣಂತನ ಮುಗಿಸಿ, ಮಗುವಿಗೆ ಐದು ತಿಂಗಳಾದ ಮೇಲೆ ದೊಡ್ಡೇರಿ ಹತ್ತಿರದ ಈ ಊರಿಗೆ ಬಂದಿದ್ದಳು. ಗಂಡ ಬಸವೇಶನಿಗೆ ಮಧುಗಿರಿಯ ಕಡೆ ಕರೆಂಟಿನ ಸಬ್‌ಸ್ಟೇಷನ್ನಿನಲ್ಲಿ ಪಾಳಿಯ ಕೆಲಸ. ಊರೊಳಗಿನ ಹಳೆಮನೆ ಚಿಕ್ಕದಾಯಿತೆಂದು ಗುಡ್ಡದ ಕಡೆಯ ಸೈಟಿನಲ್ಲಿ ಹೊಸದಾಗಿ ಕಟ್ಟಿಸಿದ್ದ. ಗಾಳಿ ಚೆನ್ನಾಗಿ ಬರುತ್ತದೆ ಎಂದಿದ್ದ. ಗಾಳಿಯ ಜೊತೆ ಇನ್ನೂ ಏನೇನು ಬರುತ್ತದೆ ಎಂದು ಹೇಳಿರಲಿಲ್ಲ.

ನೀರಿನ ಹಂಡೆಯ ಕೆಳಗೆ ಚೇಳು ಬಂತು. ಬಚ್ಚಲ ಕೊಳವೆಯಲ್ಲಿ ಕೇರೆಹಾವು ತಲೆ ಹಾಕಿತು. ಒಂದು ಮಧ್ಯಾಹ್ನ ಟೆರೇಸಿನ ಮೇಲೆ ಬಟ್ಟೆ ಒಣಗಿಸುತ್ತಿದ್ದಾಗ ನೀರಿನ ಟ್ಯಾಂಕಿನಿಂದ ನವಿಲೊಂದು ಅವಳ ತಲೆಯ ಮೇಲೆ ಹಾದು ಹಾರಿ, ಆ ರೆಕ್ಕೆಯ ಸದ್ದಿಗೆ ಅವಳು ಒದ್ದೆ ಲಂಗೋಟಿಗಳ ಮೇಲೆ ಕೂತುಬಿಟ್ಟಿದ್ದಳು. ಅಂದಿನಿಂದ ಟೆರೇಸಿಗೆ ಹೋಗುವುದನ್ನೇ ಬಿಟ್ಟಳು. ಚಪ್ಪಲಿಯನ್ನು ಎರಡು ಸಲ ಕೊಡವಿ ಮೆಟ್ಟುತ್ತಿದ್ದಳು, ತೊಟ್ಟಿಲ ಹಾಸನ್ನು ಮೂರು ಸಲ ಕೊಡವುತ್ತಿದ್ದಳು. ಫೋನಿನಲ್ಲಿ ಯಾರೋ ಕಳಿಸಿದ ಚಿರತೆಯ ವಿಡಿಯೋ ನೋಡಿ, ಅದು ಯಾವ ರಾಜ್ಯದ್ದು ಎಂದು ತಿಳಿಯುವ ಮೊದಲೇ ಹಿತ್ತಲ ಬಾಗಿಲಿಗೆ ಇನ್ನೊಂದು ಚಿಲಕ ಹಾಕಿಸಿದಳು.

ಕೊನೆಗೆ ಬಂದದ್ದು ಆ ಹೆಜ್ಜೆ. ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಹಸಿಮಣ್ಣಿನಲ್ಲಿ ಯಾರೋ ಬರಿಗಾಲಲ್ಲಿ ನಿಂತು ಹೋದ ಗುರುತು. ಹಿಮ್ಮಡಿ, ಅಂಗಾಲು, ಐದು ಬೆರಳು. ಕಳ್ಳ ಎಂದುಕೊಂಡು ಬಗ್ಗಿ ನೋಡಿದಳು. ಬೆರಳುಗಳ ಮುಂದೆ, ಅರ್ಧ ಗೇಣು ದೂರದಲ್ಲಿ, ಐದು ಉಗುರಿನ ಗೀರು. ಬಸವೇಶನಿಗೆ ಫೋನು ಮಾಡಿದಳು.

“ಕರಡಿ ಇರಬಹುದು,” ಎಂದ ಅವನು, ಪೋಸ್ಟ್‌ಮ್ಯಾನ್ ಇರಬಹುದು ಎನ್ನುವ ಹಾಗೆ. “ಸೀತಾಫಲದ ಕಾಲ ಅಲ್ವಾ, ಇಳಿದು ಬರ್ತವೆ. ಹಗಲು ಬರಲ್ಲ ಬಿಡು.”

“ಇನ್ನೊಂದು ಸಲ ಕರಡಿ ಅನ್ನೋ ಮಾತು ಈ ಮನೇಲಿ ಕೇಳಿದ್ರೆ ಮಗೂನ ಎತ್ಕೊಂಡು ಅಮ್ಮನ ಮನೆಗೆ ಹೋಗ್ತೀನಿ. ತಮಾಷೆ ಅಲ್ಲ ರೀ.”

ತಮಾಷೆ ಅಲ್ಲ ಎಂಬುದಕ್ಕೆ ಸಾಕ್ಷಿಯಾಗಿ ಒಂದು ಬ್ಯಾಗಿಗೆ ಮಗುವಿನ ನಾಲ್ಕು ಜೊತೆ ಬಟ್ಟೆ, ಲಸಿಕೆಯ ಕಾರ್ಡು ತುಂಬಿ ಮಂಚದ ಕೆಳಗೆ ಇಟ್ಟಳು. ಸಿದ್ದಗಂಗಮ್ಮ ಇದನ್ನು ಬೀದಿಯಲ್ಲೆಲ್ಲ ಹೇಳಿಕೊಂಡು ನಕ್ಕರು. ನಗುವಿನ ಒಳಗೆ ಸ್ವಲ್ಪ ಅಳುಕೂ ಇತ್ತು. ಇರುವ ಒಬ್ಬಳೇ ಮೊಮ್ಮಗಳು.

*

ಮಾರಕ್ಕನಿಗೆ ಅರವತ್ತು ದಾಟಿತ್ತು. ತೌರು ಸಿರಾ ಸೀಮೆಯ ತಾವರೆಕೆರೆ ಕಡೆ. ಹದಿನೇಳಕ್ಕೆ ಚೌಡಯ್ಯನ ಹಿಂದೆ ಈ ಊರಿಗೆ ಬಂದವಳು. ಬೇಸಿಗೆಯಲ್ಲಿ ಹುಣಸೆಹಣ್ಣು ಬಡಿದು ಸಿಪ್ಪೆ ಬಿಡಿಸುವುದು, ಮಳೆಗಾಲದಲ್ಲಿ ಕಳೆ ಕೀಳುವುದು, ಕಡಲೆಕಾಯಿ ಕೀಳುವುದು, ದಸರೆಯ ಆಸುಪಾಸು ಎರಡು ತಿಂಗಳು ಗುಡ್ಡದ ಸೀತಾಫಲ. ಬೆಳಕು ಹರಿಯುವಷ್ಟರಲ್ಲಿ ಗಿಡದ ಬುಡದಲ್ಲಿರಬೇಕು. ತಡವಾಗಿ ಹೋದವರಿಗೆ ಕಲ್ಲಿನಂಥ ಕಾಯಿ ಮಾತ್ರ. ಕಾಯಿಯ ಮೈಮೇಲಿನ ಉಬ್ಬುಗಳ ನಡುವೆ ಬಿಳಿಗೆರೆ ಬಿದ್ದರೆ ಅದು ಕಣ್ಣು ಬಿಟ್ಟಿದೆ ಎಂದು ಅರ್ಥ; ಅದನ್ನು ಕಿತ್ತು ಹುಲ್ಲಿನಲ್ಲಿಟ್ಟರೆ ಎರಡು ದಿನಕ್ಕೆ ಹಣ್ಣು. ಗಿಡದಲ್ಲೇ ಹಣ್ಣಾದದ್ದನ್ನು ಮಾರಕ್ಕ ಮುಟ್ಟುತ್ತಿರಲಿಲ್ಲ. “ಅದು ನಮ್ ಪಾಲಲ್ಲ,” ಎನ್ನುತ್ತಿದ್ದಳು. ಯಾರ ಪಾಲು ಎಂದು ಲೋಹಿತಳ ಎದುರು ಹೇಳುತ್ತಿರಲಿಲ್ಲ.

ಆರು ಗಂಟೆ ದಾಟುವ ಹೊತ್ತಿಗೆ ಮಂಕರಿ ತುಂಬಿಸಿಕೊಂಡು ಇಳಿದು, ಲೋಹಿತಳ ಗೇಟಿನ ಮುಂದಿನ ಚಪ್ಪಡಿಯ ಮೇಲೆ ಕೂತು, ಕಣ್ಣು ಬಿಟ್ಟ ಕಾಯಿ ಒಂದು ಕಡೆ, ಬಿಡದ್ದು ಒಂದು ಕಡೆ ಮಾಡುವಳು. ಏಳಕ್ಕೆ ಮಗ ನರಸಿಂಹರಾಜು ಲಗೇಜು ಆಟೋ ತಂದು ಮಧುಗಿರಿ ಬಸ್‌ಸ್ಟ್ಯಾಂಡಿಗೆ ಸಾಗಿಸುವನು. ಅಲ್ಲಿಂದ ಏಳುವ ಮೊದಲು, ಹುಲ್ಲಿನಲ್ಲಿಟ್ಟು ಹಣ್ಣಾಗಿಸಿ ಮನೆಯಿಂದ ತಂದ ಎರಡು ಒಳ್ಳೆಯ ಹಣ್ಣನ್ನು ಗೇಟಿನ ಕಂಬದ ಮೇಲೆ ಇಟ್ಟು ಹೋಗುವಳು. ಲೋಹಿತ ಅವನ್ನು ಉಪ್ಪುನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟು ತಿನ್ನುತ್ತಿದ್ದಳು.

ಸೆರಗನ್ನು ಯಾವಾಗಲೂ ಎಡಗಿವಿಯ ಮೇಲೆ ಎಳೆದುಕೊಂಡಿರುತ್ತಿದ್ದಳು ಮಾರಕ್ಕ. ಎಡಗಡೆಯಿಂದ ಮಾತಾಡಿಸಿದರೆ ಕೇಳುತ್ತಿರಲಿಲ್ಲ. ವಯಸ್ಸಾಯಿತು, ಕಿವಿ ಮಂದ ಎಂದುಕೊಂಡಿದ್ದಳು ಲೋಹಿತ.

ಆ ವಾರ ಮಧುಗಿರಿಯ ಡಾಕ್ಟರು ಯಶಸ್ವಿನಿಯನ್ನು ತಕ್ಕಡಿಯ ಮೇಲೆ ಮಲಗಿಸಿ, “ತೂಕ ಇನ್ನೂ ಸ್ವಲ್ಪ ಬರಬೇಕಲ್ಲಮ್ಮ, ನಿದ್ದೆ ಚೆನ್ನಾಗಿ ಮಾಡ್ತಾಳಾ?” ಎಂದಿದ್ದರು. ಅವರು ಸುಮ್ಮನೆ ಕೇಳಿದ್ದು. ಲೋಹಿತಳಿಗೆ ಅದು ಮೈಯೆಲ್ಲ ಮುಳ್ಳಾಯಿತು. ಅಲ್ಲಿಂದ ಹೊರಡುವಾಗಲೇ ಮಾರಕ್ಕನಿಗೆ ಹೇಳಿಬಿಡುವುದೆಂದು ನಿಶ್ಚಯಿಸಿದಳು. ಮಗಳ ಮನೆಯ ಗೃಹಪ್ರವೇಶಕ್ಕೆಂದು ಅತ್ತೆ ನಾಲ್ಕು ದಿನ ಕೊರಟಗೆರೆಗೆ ಹೋಗಿದ್ದರು. ಅದೂ ಅನುಕೂಲವೇ ಆಯಿತು, ಅತ್ತೆಯ ಎದುರು ಇಂಥ ಮಾತು ಆಡುವುದು ಕಷ್ಟ. ಮಾರನೆಯ ಬೆಳಿಗ್ಗೆ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಗೇಟಿಗೆ ಬಂದಳು.

“ಮಾರಕ್ಕ, ಒಂದು ಮಾತು ಹೇಳ್ಲಾ? ಬೇಜಾರು ಮಾಡ್ಕೋಬಾರದು.”

“ಹೇಳು ತಾಯಿ. ಬೇಜಾರು ಮಾಡ್ಕಂಡು ಎಲ್ಲಿಕ್ಕಲಿ, ಮಂಕ್ರೀಲಿ ಜಾಗ ಇಲ್ಲ.”

“ಬೆಳಿಗ್ಗೆ ನೀವು ಮಾತಾಡ್ಕೊಂಡು ಹೋಗ್ತೀರಲ್ಲ, ಪಾಪು ಎದ್ದುಬಿಡ್ತಾಳೆ. ಆಮೇಲೆ ಏನು ಮಾಡಿದ್ರೂ ಮಲಗಲ್ಲ. ತೂಕ ಕಮ್ಮಿ ಅಂದಿದಾರೆ ಡಾಕ್ಟ್ರು. ನಮ್ಮನೆ ದಾಟೋವರೆಗಾದ್ರೂ... ಇಲ್ಲಿ ಸದ್ದಿಲ್ಲ, ಬಂಡೆ ಹತ್ರ ಮಾತಾಡಿದ್ರೂ ಕೇಳಿಸುತ್ತೆ...”

ಕಾಯಿ ಆರಿಸುತ್ತಿದ್ದ ಮಾರಕ್ಕನ ಕೈ ನಿಂತಿತು. ಒಂದು ಸಲ ಗುಡ್ಡದ ಕಡೆ ನೋಡಿದಳು. ಆಮೇಲೆ ಮಗುವಿನ ಕಡೆ. ಮಗು ಅವಳ ಸೆರಗನ್ನೇ ನೋಡುತ್ತಿತ್ತು.

“ಅಯ್ಯೋ ನನ್ ಕಂದಾ, ನಿನ್ ನಿದ್ದೆ ಕದಿಯೋ ಕಳ್ಳಿ ನಾನೇನಾ? ನಾನು ಇನ್ಯಾರೋ ಅಂತಿದ್ದೆ. ಆಯ್ತು ಬುಡಮ್ಮ. ನಾಳಿಂದ ಚೌಡಯ್ಯಂಗೂ ರಜಾ ಕೊಟ್ಬುಟ್ಟೆ.”

ಇಷ್ಟು ಸುಲಭವಾಗಿ ಒಪ್ಪಿದ್ದು ನೋಡಿ ಲೋಹಿತಳಿಗೇ ನಾಚಿಕೆಯಾಯಿತು. ಏನಾದರೂ ಕೇಳಬೇಕಲ್ಲ ಎಂದು ಕೇಳಿದಳು. “ಅಲ್ಲ, ಅಷ್ಟು ಜೋರಾಗಿ ಯಾಕೆ ಮಾತಾಡೋದು?”

“ಅವ್ನಿಗೆ ಕಿವಿ ಕ್ಯಾಳ್ಬೇಕಲ್ಲ ಕಣಮ್ಮ, ಅಷ್ಟು ದೂರದಲ್ಲವ್ನೆ,” ಎಂದು ನಕ್ಕು ಮಾರಕ್ಕ ಮಂಕರಿಯ ಕಡೆ ತಿರುಗಿದಳು. ಆ ದಿನ ಕಂಬದ ಮೇಲೆ ಎರಡರ ಬದಲು ಮೂರು ಹಣ್ಣು ಇದ್ದವು.

*

ಮರುದಿನ ಯಶಸ್ವಿನಿ ಆರೂವರೆಗೆ ಎದ್ದಳು. ಅದರ ಮರುದಿನವೂ. ಎದ್ದವಳು ಅಳದೆ ತೊಟ್ಟಿಲ ಹಗ್ಗದ ಜೊತೆ ತನ್ನಷ್ಟಕ್ಕೆ ಮಾತಾಡಿಕೊಂಡಳು. ಬಸವೇಶ ಆ ದಿನಗಳಲ್ಲಿ ಹಗಲು ಪಾಳಿಯಲ್ಲಿದ್ದ, ರಾತ್ರಿ ಮನೆಯಲ್ಲೇ ಇರುತ್ತಿದ್ದ. ಅವನ ನಿದ್ದೆಯನ್ನು ಮಾರಕ್ಕನಾಗಲಿ ಗುಡುಗಾಗಲಿ ಕೆಡಿಸಿದ್ದಿಲ್ಲ, ಹಾಗಾಗಿ ಸದ್ದು ನಿಂತದ್ದೂ ಅವನಿಗೆ ಗೊತ್ತಾಗಲಿಲ್ಲ.

ಎಚ್ಚರವಾಗುತ್ತಿದ್ದದ್ದು ಲೋಹಿತಳಿಗೆ. ನಾಲ್ಕೂವರೆಗೆ ತಾನಾಗಿ ಕಣ್ಣು ತೆರೆಯುತ್ತಿತ್ತು. ಬೈಗುಳಕ್ಕೆ ಕಾಯುತ್ತಿರುವ ಹಾಗೆ ಕಿವಿ ನಿಮಿರುತ್ತಿತ್ತು. ಚಪ್ಪಲಿಯ ಚಟಪಟವೂ ಇಲ್ಲ. ಮುದುಕಿ ಬಂದಳೋ ಇಲ್ಲವೋ? ಮೂರನೆಯ ದಿನ ತಡೆಯಲಾರದೆ ಕಿಟಕಿಯ ಪರದೆ ಸರಿಸಿ ನೋಡಿದಳು. ಬೀದಿದೀಪದ ಬೆಳಕಿನಲ್ಲಿ ಮಾರಕ್ಕ ಬರಿಗಾಲಲ್ಲಿ, ತುದಿಬೆರಳ ಮೇಲೆ, ಉಸಿರು ಬಿಗಿಹಿಡಿದು ಮನೆ ದಾಟುತ್ತಿದ್ದಳು. ಚಪ್ಪಲಿ ಎರಡೂ ಮಂಕರಿಯೊಳಗೆ. ಗೇಟು ದಾಟಿದ ಮೇಲೂ ಅವಳು ಬಾಯಿ ಬಿಡಲಿಲ್ಲ. ಕೊಟ್ಟ ಮಾತನ್ನು ಜೋಡಿಬಂಡೆಯವರೆಗೂ, ಅದರಾಚೆಗೂ ಉಳಿಸಿಕೊಂಡು ಹೋದಳು. ಹೋಗುವಾಗ ಎರಡು ಹೆಜ್ಜೆಗೊಮ್ಮೆ ಎಡಕ್ಕೆ ತಿರುಗಿ ನೋಡುತ್ತಿದ್ದಳು.

ಲೋಹಿತಳಿಗೆ ಮತ್ತೆ ನಿದ್ದೆ ಬರಲಿಲ್ಲ. ಹೆದರಿಕೆಯಲ್ಲ, ಅದರ ಪಕ್ಕದ್ದೇನೋ. ಮುದುಕಿಯ ಕಾಲಿಗೆ ಮುಳ್ಳು ಚುಚ್ಚಿದರೆ? ಚಪ್ಪಲಿ ಹಾಕಿಕೊಳ್ಳಿ ಎಂದು ಹೇಳಬೇಕು ಎಂದುಕೊಂಡಳು. ಅಂದು ಹೇಳುವುದು ಮರೆತುಹೋಯಿತು.

ಆ ಸಂಜೆ ಸಿದ್ದಗಂಗಮ್ಮ ಕೊರಟಗೆರೆಯಿಂದ ಬಂದರು. ಪಾಳಿ ಬದಲಾಗಿ ಬಸವೇಶ ರಾತ್ರಿ ಕೆಲಸಕ್ಕೆ ಹೊರಟ. ಮನೆಯಲ್ಲಿ ಮೂವರು ಹೆಂಗಸರು, ಒಬ್ಬಳಿಗೆ ಇನ್ನೂ ಹಲ್ಲು ಬಂದಿರಲಿಲ್ಲ.

ಬೆಳಿಗ್ಗೆ ಐದೂಮುಕ್ಕಾಲಿಗೆ ಅಂಗಳಕ್ಕೆ ನೀರು ಹಾಕುತ್ತಿದ್ದ ಸಿದ್ದಗಂಗಮ್ಮ ಬಕೆಟ್ಟು ಹಿಡಿದೇ ಬಾಗಿಲಿಗೆ ಬಂದರು. “ಲೋಹಿತಾ, ಮಾರಕ್ಕ ಇವತ್ತು ಹೋಗ್ಲಿಲ್ವೇನೇ? ಸದ್ದೇ ಇಲ್ಲ. ಮೈ ಹುಷಾರಿಲ್ವೋ ಏನೋ.”

“ಹೋಗಿದಾರೆ ಅತ್ತೆ,” ಎಂದಳು ಲೋಹಿತ, ಪಿಸುಮಾತಿನಲ್ಲಿ, ತುಸು ಹೆಮ್ಮೆಯಿಂದಲೇ. “ನಾನೇ ಹೇಳ್ದೆ, ಪಾಪು ಏಳ್ತಾಳೆ, ಮಾತಾಡ್ಕೊಂಡು ಹೋಗ್ಬೇಡಿ ಅಂತ. ಪಾಪ ಒಳ್ಳೆಯವರು. ನಾಲ್ಕು ದಿನದಿಂದ ತುಟಿ ಬಿಚ್ಚಿಲ್ಲ.”

ಬಕೆಟ್ಟು ಕೆಳಗೆ ಬಿತ್ತು. ನೀರು ಹೊಸಿಲು ದಾಟಿ ಒಳಗೆ ಬಂತು.

“ಏನ್ ಮಾಡ್ಬುಟ್ಟೆ ತಾಯಿ! ಅವಳು ಚೌಡಯ್ಯಂಗೆ ಕ್ಯಾಳ್ಲಿ ಅಂತ ಅರಚ್ತಾಳೆ ಅಂದ್ಕಂಡ್ಯಾ? ಕರಡಿಗೆ ಕಣೇ! ಮನುಷ್ಯರ ಸದ್ದು ಕೇಳಿದ್ರೆ ಅದು ದಾರಿ ಬಿಟ್ಟು ಹೋಯ್ತದೆ. ಸದ್ದಿಲ್ಲದೆ ಎದುರಾದ್ರೆ ದಿಗಿಲು ಬಿದ್ದು ಮೇಲೆ ಬೀಳ್ತದೆ. ಆ ಸೆರಗಿನಡಿ ಏನೈತೆ ಅಂತ ನೋಡಿದ್ದೀಯಾ? ಎಡಗಿವಿ ಇಲ್ಲ ಅವಳಿಗೆ! ಬಾಯಿ ಮುಚ್ಕಂಡು ಬಂದ ಒಂದೇ ಒಂದು ದಿನ ಕಿತ್ಕಂಡೋಗಿತ್ತು!”

ಲೋಹಿತ ಯಾವಾಗ ಮೆಟ್ಟಿಲು ಹತ್ತಿದಳೋ ಅವಳಿಗೇ ತಿಳಿಯಲಿಲ್ಲ. ಅತ್ತೆಗೆ ಮಂಡಿನೋವು, ಅವರಿಂದಾಗದು. ಗುಡ್ಡದ ದಾರಿ ಪೂರ್ತಿ ಕಾಣುವುದು ಟೆರೇಸಿನಿಂದ ಮಾತ್ರ. ನವಿಲಿನ ನೆನಪೂ ಬರಲಿಲ್ಲ.

ಬೆಳಕು ಆಗತಾನೆ ಬೂದಿ ಬಣ್ಣಕ್ಕೆ ತಿರುಗಿತ್ತು. ದಾರಿ ಬಿಳಿ ದಾರದಂತೆ ಮೇಲಕ್ಕೆ ಹೋಗಿತ್ತು. ಅದರ ತುದಿಯಲ್ಲಿ ಮಾರಕ್ಕ. ತಲೆಯ ಮೇಲೆ ತುಂಬಿದ ಮಂಕರಿ, ಎರಡು ಕೈ ಮಂಕರಿಯ ಅಂಚಿನಲ್ಲಿ, ಕಣ್ಣು ಕಾಲ ಕೆಳಗೆ. ಇಳಿಯುತ್ತಿದ್ದಳು. ಬದುಕಿದ್ದಾಳೆ. ಲೋಹಿತಳಿಗೆ ಉಸಿರು ಬಂತು.

ಆಮೇಲೆ ಜೋಡಿಬಂಡೆಯ ಕಡೆ ನೋಡಿದಳು. ಬಂಡೆಯ ಬುಡದ ಸೀತಾಫಲದ ಪೊದೆ ಅಲ್ಲಾಡುತ್ತಿತ್ತು. ಗಾಳಿ ಇರಲಿಲ್ಲ. ಪೊದೆಯೊಳಗೆ ಕಪ್ಪಗೆ ಏನೋ, ಕಂಬಳಿ ಹೊದ್ದು ಕೂತ ಮನುಷ್ಯನ ಹಾಗೆ. ಅದು ಕೈ ಚಾಚಿ ಕೊಂಬೆ ಬಗ್ಗಿಸಿತು. ಬೆನ್ನಿನ ಮೇಲೆ ಇನ್ನೊಂದು ಪುಟ್ಟ ಕಂಬಳಿ, ಅದಕ್ಕೆ ಎರಡು ಕಿವಿ.

ದಾರಿ ಬಂಡೆಯ ಆಚೆಯಿಂದ ಸುತ್ತಿ ಆ ಪೊದೆಯ ಮುಂದಕ್ಕೇ ಬರುತ್ತಿತ್ತು. ಬಂಡೆಯ ಎಡಕ್ಕೆ ಕರಡಿ, ಮಾರಕ್ಕನ ಕಿವಿ ಇಲ್ಲದ ಕಡೆ. ಇನ್ನು ನಲವತ್ತು ಹೆಜ್ಜೆ. ಕರಡಿಗೆ ಹಣ್ಣಿನ ಮೇಲೆ ಗಮನ, ಮಾರಕ್ಕನಿಗೆ ಕಾಲ ಕೆಳಗಿನ ಕಲ್ಲಿನ ಮೇಲೆ. ಅಂಗಳದಲ್ಲಿ ಸಿದ್ದಗಂಗಮ್ಮ, “ಮಾರೀ, ಏ ಮಾರೀ” ಎಂದು ಕೂಗುತ್ತಿದ್ದದ್ದು ಕಾಂಪೌಂಡನ್ನೂ ದಾಟುತ್ತಿರಲಿಲ್ಲ.

ಲೋಹಿತ ಬಾಯಿ ತೆರೆದಳು. ಸದ್ದು ಬರಲಿಲ್ಲ. ಇಷ್ಟು ತಿಂಗಳು ಮಗು ಏಳಬಾರದೆಂದು ಪಿಸುಗುಟ್ಟಿ ಪಿಸುಗುಟ್ಟಿ ಗಂಟಲು ಕೂಗುವುದನ್ನೇ ಮರೆತಿತ್ತು. ಮೂವತ್ತು ಹೆಜ್ಜೆ. ಕಾಲ ಬಳಿ ಬಸವೇಶ ಒಣಗಲು ಹಾಕಿ ಹೋಗಿದ್ದ ಕಡಲೆಕಾಯಿಯ ಗುಡ್ಡೆ. ಇಬ್ಬನಿ ಬೀಳದಿರಲೆಂದು ಮೇಲೆ ಮಗುಚಿದ ದೊಡ್ಡ ಸ್ಟೀಲ್ ಬೇಸನ್ನು, ಬೇಸನ್ನಿನ ಮೇಲೆ ಕಲ್ಲು. ಮಗುವಿಗೆ ಸ್ನಾನ ಮಾಡಿಸುವ ಬೇಸನ್ನು ಅದು. ಲೋಹಿತ ಕಲ್ಲೆತ್ತಿಕೊಂಡು ಬೇಸನ್ನಿಗೆ ಬಡಿದಳು.

ಊರಿನ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು. ಕೆಳಗೆ ತೊಟ್ಟಿಲಲ್ಲಿ ಯಶಸ್ವಿನಿ ಬೆಚ್ಚಿ ಕಿಟಾರನೆ ಕಿರುಚಿದಳು. ಮಗುವಿನ ಆ ಕಿರುಚಾಟಕ್ಕೆ ಲೋಹಿತಳ ಗಂಟಲು ಬಿಚ್ಚಿತು. ಬಿಚ್ಚಿದ್ದೇ, ನಾಲಗೆಗೆ ಸಿಕ್ಕಿದ್ದು ಮೂರು ತಿಂಗಳಿಂದ ಬೆಳಗ್ಗೆ ಬೆಳಗ್ಗೆ ಕೇಳಿ ಕೇಳಿ ಕಿವಿಯಲ್ಲಿ ಕೂತಿದ್ದ ಹೆಸರು.

“ಲೇ ಚೌಡಯ್ಯಾ! ಲೇ ಚೌಡಯ್ಯಾ! ಏಳೋ ಚೌಡಯ್ಯಾ!”

ದಾರಿಯಲ್ಲಿ ಮಾರಕ್ಕ ಗಕ್ಕನೆ ನಿಂತಳು. ಮಂಕರಿ ಓಲಾಡಿತು. ಆಮೇಲೆ ಬಂತು ಆ ಧ್ವನಿ, ನಾಲ್ಕು ದಿನ ಅದುಮಿಟ್ಟ ಧ್ವನಿ.

“ಯಾವಳೇ ಅದು ನನ್ ಗಂಡನ್ನ ಲೇ ಅನ್ನೋಳು? ಬಂದೆ ತಾಳು! ಲೇ ಚೌಡಯ್ಯ, ಕ್ಯಾಳುಸ್ತೇನೋ, ಊರಿನ ಹೆಂಗುಸ್ರೆಲ್ಲ ಕರೀತಾವ್ರಲ್ಲೋ ನಿನ್ನ!”

ಪೊದೆಯೊಳಗಿನ ಕಂಬಳಿ ಎದ್ದು ಎರಡು ಕಾಲ ಮೇಲೆ ನಿಂತಿತು. ಮೂತಿ ಎತ್ತಿ ಗಾಳಿ ಮೂಸಿತು. ಊಫ್ ಎಂದ ಸದ್ದು ಟೆರೇಸಿನವರೆಗೂ ಕೇಳಿಸಿತು. ಬೆನ್ನಿನ ಮರಿ ಜಾರಿ, ಮತ್ತೆ ಕೂದಲು ಹಿಡಿದು ಹತ್ತಿಕೊಂಡಿತು. ತಾಯಿ ಕರಡಿ ನಾಲ್ಕು ಕಾಲಿಗೆ ಇಳಿದು, ಮರಿಯನ್ನು ಹೊತ್ತುಕೊಂಡು, ಬಂಡೆಗಳ ಸಂದಿಯಲ್ಲಿ ಏರುತ್ತ ಮರೆಯಾಯಿತು. ಮಾರಕ್ಕ ಅಲ್ಲೇ ನಿಂತು, ಅದು ಕಾಣದಾಗುವವರೆಗೂ, ಚೌಡಯ್ಯನ ಹುಟ್ಟಿದ ಊರು, ಅವನ ಬೀಡಿ, ಅವನ ಗೊರಕೆ, ಎಲ್ಲವನ್ನೂ ಗಂಟಲು ಹರಿಯುವಂತೆ ಬೈದಳು.

*

ಮಾರಕ್ಕ ಇಳಿದು ಬಂದು ಗೇಟಿನ ಚಪ್ಪಡಿಯ ಮೇಲೆ ಕೂತಳು. ಲೋಹಿತ ಕಾಫಿ ತಂದಳು. ಅರ್ಧ ಲೋಟ ತಟ್ಟೆಗೆ ಚೆಲ್ಲಿತ್ತು. ಸಿದ್ದಗಂಗಮ್ಮನ ತೋಳಿನಲ್ಲಿ ಯಶಸ್ವಿನಿ ಇನ್ನೂ ಬಿಕ್ಕುತ್ತಿದ್ದಳು.

“ನಂಗೊಬ್ಬಳಿಗೇ ಇದ್ದ ಅಧಿಕಾರ ಅದು,” ಎಂದಳು ಮಾರಕ್ಕ, ತಟ್ಟೆಯ ಕಾಫಿಯನ್ನು ಲೋಟಕ್ಕೆ ಸುರಿದುಕೊಳ್ಳುತ್ತ. “ನೀನೂ ಪಾಲಿಗೆ ಬಂದ್ಬುಟ್ಟೆ.”

ಲೋಹಿತಳಿಗೆ ನಗಲಾಗಲಿಲ್ಲ. “ಯಾಕೆ ಹೇಳ್ಲಿಲ್ಲ ಮಾರಕ್ಕ? ಒಂದು ಮಾತು ಹೇಳಿದ್ರೆ...”

“ಹೇಳಿದ್ರೆ ನೀನು ಬಸ್ಸು ಹತ್ತುತಿದ್ದೆ. ಕರಡಿ ಅಂದ್ರೆ ಬ್ಯಾಗ್ ಎತ್ತೀಯಂತಲ್ಲ, ಗಂಗಕ್ಕ ಊರಿಗೆಲ್ಲ ಸಾರವ್ರೆ. ನಾನ್ಯಾಕೆ ಆ ಮಾತು ಆಡಿ ಮೊಮ್ಮಗೂನ ಅಜ್ಜಿಯಿಂದ ಕೀಳ್ಲಿ? ಒಂದು ತಿಂಗ್ಳು ತಾನೆ, ಹಣ್ಣು ಮುಗೀತದೆ ಅಂದ್ಕಂಡೆ. ಮಗೀಗೂ ಮೈ ಬರ್ಲಿ ಅಂತ.” ಒಂದು ಗುಟುಕು ಕುಡಿದಳು. “ನಾಕು ದಿನ ಬಾಯಿ ಮುಚ್ಚಿ ಹೊಟ್ಟೆ ಉಬ್ಬರಿಸ್ಕಂಡಿತ್ತು ಕಣಮ್ಮ.”

ಆಮೇಲೆ, ಯಾರೂ ಕೇಳದಿದ್ದರೂ, ಸೆರಗು ಸರಿಸಿ ತೋರಿಸಿದಳು. ಕಿವಿ ಇರಬೇಕಾದಲ್ಲಿ ಒಂದು ತೂತು, ಅದರಿಂದ ನೆತ್ತಿಯವರೆಗೆ ಹೊಲಿಗೆಯ ಸಾಲು, ಆ ಸಾಲಿನಲ್ಲಿ ಕೂದಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ, ಜಡಿಮಳೆ, ಸೌದೆ ಹೊರೆ ಹೊತ್ತು ಇಳಿಯುತ್ತಿದ್ದಾಗ. ಹಿಂದಿನ ರಾತ್ರಿ ಚೌಡಯ್ಯ, ಎಷ್ಟು ಮಾತಾಡ್ತೀಯೇ, ಒಂದು ದಿನ ಬಾಯಿ ಮುಚ್ಕಂಡಿರು ಎಂದು ರೇಗಿದ್ದನಂತೆ. ಆ ಸಿಟ್ಟಿಗೆ ಬೆಳಿಗ್ಗೆಯಿಂದ ಒಂದು ಮಾತೂ ಆಡಿರಲಿಲ್ಲವಂತೆ, ಒಬ್ಬಳೇ ಇದ್ದಾಗಲೂ.

“ಮಧುಗಿರಿ ಆಸ್ಪತ್ರೇಲಿ ಮಂಚದ ಪಕ್ಕ ಕುಂತು ಅತ್ತಿದ್ದೇ ಅತ್ತಿದ್ದು ಅವ್ನು. ಅವತ್ತಿಂದ ಸಾಯೋ ಗಂಟ ಒಂದು ದಿನಾನೂ ಸುಮ್ಕಿರು ಅನ್ಲಿಲ್ಲ. ನಾನು ಗುಡ್ಡ ಹತ್ತಿದ್ರೆ ಕೆಳಗೆ ಹುಣಸೆಮರದತ್ರ ನಿಂತ್ಕಂಡು ಮಾತಿಗೆ ಮಾತು ಎಳೆಯೋನು. ಬೇಕಂತ್ಲೇ ಜಗಳ ತೆಗೆಯೋನು, ನಾನು ಬಾಯಿ ಮುಚ್ಚಬಾರ್ದು ಅಂತ. ಈಗ್ಲೂ ಅಷ್ಟೇಯ. ನನ್ ಕಡೇದು ನಾನಾಡ್ತೀನಿ. ಅವ್ನ ಕಡೇದು...” ಎಂದು ಲೋಟ ಕೆಳಗಿಟ್ಟಳು. “ತಗಾ, ಆಟೋ ಬಂತು.”

ಒಂಬತ್ತಕ್ಕೆ ಪಾಳಿ ಮುಗಿಸಿ ಬಂದ ಬಸವೇಶ ಅಷ್ಟು ಹೊತ್ತಿಗೆ ಬೀದಿಯಲ್ಲೇ ಎಲ್ಲ ಕೇಳಿದ್ದ. ಚಪ್ಪಲಿ ಬಿಡುತ್ತ ಹೆಂಡತಿಯ ಮುಖ ನೋಡಿದ. “ಬ್ಯಾಗ್ ತೆಗೀಲಾ?” ಎಂದು ಮೆಲ್ಲಗೆ ಕೇಳಿದ. “ಹತ್ತೂಕಾಲಿಗೆ ತುಮಕೂರು ಬಸ್ಸಿದೆ. ನಾನೇ ಬಿಟ್ಟು ಬರ್ತೀನಿ.”

ಲೋಹಿತ ಮಂಚದ ಕೆಳಗೆ ಬಗ್ಗಿ ಬ್ಯಾಗನ್ನು ಹೊರಕ್ಕೆ ಎಳೆದಳು. ಲಸಿಕೆಯ ಕಾರ್ಡನ್ನು ತೆಗೆದು ಬೀರುವಿನಲ್ಲಿಟ್ಟಳು. ಬಟ್ಟೆಗಳನ್ನು ತೆಗೆಯಲಿಲ್ಲ. ಬ್ಯಾಗನ್ನು ಮತ್ತೆ ಕೆಳಕ್ಕೆ ತಳ್ಳಿದಳು. “ನಾಳೆ ಬೆಳಿಗ್ಗೆ ಅವರು ಹತ್ತೋವಾಗ ಇಲ್ಲಿಂದ ಯಾರು ನೋಡ್ತಾರೆ?” ಎಂದಳು, ಜಗಳಕ್ಕೆ ನಿಂತವಳ ಹಾಗೆ. “ಅತ್ತೆಗೆ ಮಂಡಿನೋವು. ನಿಮಗೆ ಎಚ್ಚರ ಆಗಲ್ಲ.”

ಬೇಸನ್ನಿನ ತಳ ಒಂದು ಕಡೆ ನೆಗ್ಗಿತ್ತು. ಆ ದಿನ ಮಗುವಿಗೆ ಅದರಲ್ಲೇ ಸ್ನಾನ ಮಾಡಿಸಿದರು.

ಮರುದಿನ ನಾಲ್ಕೂವರೆಗೆ ಹುಣಸೆಮರದ ಕಡೆಯಿಂದ ಜಗಳ ಶುರುವಾಯಿತು. “ಲೇ ಚೌಡಯ್ಯ, ನೆನ್ನೆ ಲೋಹಿತಮ್ಮ ಕರೆದ್ಲು ಅಂತ ಹಿಗ್ಗಬ್ಯಾಡ, ಅವಳು ಹೆದ್ರಿಕೇಲಿ ಕರೆದಿದ್ದು...” ಯಶಸ್ವಿನಿ ಕಣ್ಣು ಬಿಟ್ಟಳು. ಲೋಹಿತ ಅವಳನ್ನು ತೂಗಿ ಮಲಗಿಸಲು ಹೋಗಲಿಲ್ಲ. ತೂಕದ ಚಿಂತೆ ಹೋಗಿರಲಿಲ್ಲ. ಹಗಲು ಎರಡು ಸಲ ಮಲಗಿಸಬೇಕು, ರಾಗಿಸರಿಗೆ ತುಪ್ಪ ಇನ್ನೊಂದು ಚಮಚ ಹಾಕಬೇಕು ಎಂದು ಲೆಕ್ಕ ಹಾಕುತ್ತಲೇ ಮಗುವಿಗೆ ಟೋಪಿ ಕಟ್ಟಿ, ಸೊಂಟಕ್ಕೇರಿಸಿ, ಚಪ್ಪಲಿಯನ್ನು ಎರಡು ಸಲ ಕೊಡವಿ ಮೆಟ್ಟಿ, ಇನ್ನೊಂದು ಕೈಯಲ್ಲಿ ಬೇಸನ್ನು ಹಿಡಿದು ಟೆರೇಸು ಹತ್ತಿದಳು.

ಕತ್ತಲಲ್ಲಿ ದಾರಿ ಕಾಣುತ್ತಿರಲಿಲ್ಲ. ಧ್ವನಿ ಮಾತ್ರ ಮೇಲೇರುತ್ತಿತ್ತು. ಬಾಳೆಹಣ್ಣು, ಕುಡುಗೋಲು, ಬೀಡಿ ಕಟ್ಟು. ಜೋಡಿಬಂಡೆಯ ತಿರುವಿನಲ್ಲಿ ಎಂದಿನಂತೆ ಅದು ಕೇಳಿಸದಾಯಿತು.

ಲೋಹಿತ ಕಲ್ಲೆತ್ತಿ ಬೇಸನ್ನಿಗೆ ಒಂದು ಸಲ ಬಡಿದಳು. ಸೊಂಟದ ಮೇಲಿನ ಮಗು ಬೆಚ್ಚಿ, ಅಳಲು ಬಾಯಿ ತೆರೆದು, ಅಮ್ಮನ ಮುಖ ನೋಡಿ, ಅಮ್ಮ ನೋಡುತ್ತಿದ್ದ ಕಡೆಗೇ ತಿರುಗಿತು.

ಏನೂ ಇಲ್ಲ. ಎರಡನೆಯ ಸಲ ಬಡಿಯಲು ಕೈ ಎತ್ತಿದಳು. ಕೈ ಎತ್ತಿದ್ದ ಹಾಗೇ ನಿಂತಿತ್ತು.

“ಬದುಕಿವ್ನಿ ಕಣಮ್ಮೋ!” ಎಂದು ಬಂಡೆಯ ಆಚೆಯಿಂದ ಬಂತು. “ಬೇಸನ್ನು ತೂತಾದೀತು, ಮೆಲ್ಲಗೆ ಬಡಿ!”